ಇನಿಷಿಯಲ್ ಇರುವ ಬೆಕ್ಕು

ತಮಿಳುನಾಡಿನ ನಮ್ಮ ಕಂಬಂ ಕಣಿವೆಯಲ್ಲಿ ವರ್ಷವಿಡೀ ದ್ರಾಕ್ಷಿ ಕೊಯ್ಯುತ್ತಾರೆ. ಇಲ್ಲಿನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ಸಿಕ್ಕಿತು. ಇಂಥ ಊರಲ್ಲಿ ಬಾಯಿ ಕಟ್ಟದ ನನಗೆ ಸಕ್ಕರೆ ಕಾಯಿಲೆ ಬಂದಾಗ ಯಾರೂ ಹುಬ್ಬೇರಿಸಲಿಲ್ಲ. ದ್ರಾಕ್ಷಿಯನ್ನು ಮೂಸಿಯೂ ನೋಡದ ಗುಂಡನಿಗೆ ಬಂತಲ್ಲ, ಆಗ ಬೀದಿಗೆ ಬೀದಿಯೇ ಬಂದು ವಿಚಾರಿಸಿಕೊಂಡು ಹೋಯಿತು.

ಗುಂಡ ನಮ್ಮ ಬೆಕ್ಕು. ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿದ. ಇಬ್ಬರ ಊಟ ಉಂಡೂ ಸೊರಗಿದ. ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ಮುದುಕನಂತೆ ನಡೆದ. ಪಶುವೈದ್ಯರು ರಕ್ತ ನೋಡಿ, "ಬೀಜ ತೆಗೆದ, ಮೈ ಬೆಳೆಸಿದ, ಬಿದ್ದಲ್ಲೇ ಬಿದ್ದಿರುವ ಗಂಡುಗಳಿಗೆ ಇದು ಜಾಸ್ತಿ" ಎಂದರು. ಮೊದಲನೆಯದನ್ನು ಬಿಟ್ಟು ಉಳಿದೆರಡನ್ನು ಕೇಳುವಾಗ ನನ್ನ ಹೆಂಡತಿ ಬೆಕ್ಕನ್ನು ನೋಡುತ್ತಿರಲಿಲ್ಲ.

ದಿನಕ್ಕೆ ಎರಡು ಇನ್ಸುಲಿನ್ ಇಂಜೆಕ್ಷನ್, ಹನ್ನೆರಡು ಗಂಟೆಯ ಅಂತರ: ಬೆಳಗ್ಗೆ ಏಳು, ಸಂಜೆ ಏಳು. ಮೆಡಿಕಲ್ ಶಾಪಿನ ಹುಡುಗ ಬಿಲ್ ಬರೆಯುತ್ತ ಪೇಷಂಟ್ ಹೆಸರು ಕೇಳಿದ. ಗುಂಡ ಎಂದೆ. "ಇನಿಷಿಯಲ್?" ತಮಿಳುನಾಡಿನಲ್ಲಿ ಅಪ್ಪನ ಹೆಸರಿನ ಮೊದಲಕ್ಷರ ಇಲ್ಲದವನು ಇದ್ದೂ ಇಲ್ಲದವನು. ಹಿಂದೆ ಕ್ಯೂ ಬೆಳೆಯುತ್ತಿತ್ತು. ನನ್ನ ಅಕ್ಷರವನ್ನೇ ಕೊಟ್ಟೆ. ಹೀಗೆ ಆರ್. ಗುಂಡ ನನ್ನ ವಂಶಕ್ಕೆ ಸೇರಿದ. ಆ ಬಿಲ್ಲು ಈಗಲೂ ರೇಷನ್ ಕಾರ್ಡಿನ ಜೊತೆಗಿದೆ. ಹುಡುಗ ಮಾತ್ರ ಜಾಣ. 40 ಯೂನಿಟ್ಟಿನ ಸೀಸೆಗೆ ಕೆಂಪು ಮುಚ್ಚಳದ ಸಿರಿಂಜೇ ಆಗಬೇಕು, ಕಿತ್ತಳೆ ಮುಚ್ಚಳದ್ದು 100ರ ಸೀಸೆಗೆ, ಅದಲುಬದಲಾದರೆ ಲೆಕ್ಕ ಎರಡೂವರೆ ಪಟ್ಟು ಏರುಪೇರಾಗುತ್ತದೆ ಎಂದು ಎರಡು ಸಲ ಹೇಳಿ ಕಳಿಸಿದ.

ಚುಚ್ಚುವವನು ನಾನು. ಸೂಜಿ ಕಂಡರೆ ಕಣ್ಣು ಕತ್ತಲೆ ಬರುವವನೂ ನಾನೇ. ಮೋಡದಂತಿರುವ ಆ ಮದ್ದನ್ನು ಕುಲುಕಬಾರದು, ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು. ನನ್ನ ಕೈ ನಡುಗಿ ತಾನಾಗಿಯೇ ಕುಲುಕುತ್ತಿತ್ತು, ಹಾಗಾಗಿ ಆ ಭಾಗ ಹೆಂಡತಿಯ ಪಾಲಿಗೆ ಹೋಯಿತು. ಭುಜದ ಬಳಿ ಚರ್ಮವನ್ನು ಚಿಟಿಕೆಯಲ್ಲಿ ಎತ್ತಿ ಹಿಡಿದು, ಆ ಮಡಿಕೆಯ ಬುಡಕ್ಕೆ ಸೂಜಿ ಇಳಿಸಬೇಕು. ಗುರಿ ತಪ್ಪಿದರೆ ಈಚೆ ಹೊಕ್ಕ ಸೂಜಿ ಆಚೆ ಬಂದು ತುಪ್ಪಳ ಒದ್ದೆಯಾಗುತ್ತದೆ, ಆಸ್ಪತ್ರೆಯ ವಾಸನೆ ಹೊಡೆಯುತ್ತದೆ. ಹಾಗಾಯಿತೆಂದು ಅನುಮಾನ ಬಂದರೂ ಮತ್ತೆ ಚುಚ್ಚುವಂತಿಲ್ಲ, ಮುಂದಿನ ಹೊತ್ತಿಗೇ ಕಾಯಬೇಕು. ಸೂಜಿ ಕೂದಲಿನಷ್ಟು ಸಣ್ಣದು, ಬೆಕ್ಕಿಗೆ ಗೊತ್ತೇ ಆಗುವುದಿಲ್ಲವಂತೆ. ಗುಂಡನಿಗೆ ಯಾರೂ ಇದನ್ನು ತಿಳಿಸಿರಲಿಲ್ಲ. ಏಳಕ್ಕೆ ಹತ್ತು ನಿಮಿಷವಿದ್ದಾಗಲೇ ಬೀರುವಿನ ಮೇಲೋ ಗ್ಯಾಸ್ ಸಿಲಿಂಡರಿನ ಹಿಂದೋ ಸೇರಿರುತ್ತಿದ್ದ. ಅವನನ್ನು ಎಳೆದು ತರುವಷ್ಟರಲ್ಲಿ ನನ್ನ ವಾಕಿಂಗ್ ಮುಗಿದಿರುತ್ತಿತ್ತು. ಕೊನೆಗೆ ಬೇಯಿಸಿದ ಕೋಳಿಯ ಚೂರು ಕಂಡುಹಿಡಿದೆವು. ಅವನು ಅದಕ್ಕೆ ಬಾಯಿ ಹಾಕಿದ, ನಾನು ಕಣ್ಣು ಮುಚ್ಚಿ ಚುಚ್ಚಿದೆ. ತಿರುಗಿಯೂ ನೋಡಲಿಲ್ಲ ಪುಣ್ಯಾತ್ಮ.

ಪಕ್ಕದ ಮನೆಯ ಪಾಟಿ (ಅಜ್ಜಿ) ದಿನಾ ಹಾಗಲಕಾಯಿ ರಸ ಕಳಿಸುತ್ತಿದ್ದರು. ಬೆಕ್ಕು ಮಾಂಸದ ಮೇಲೆಯೇ ಬದುಕುವ ಪ್ರಾಣಿ, ನಮ್ಮ ಮೊಸರನ್ನವೇ ಅದಕ್ಕೆ ಬೇಡವಾಗಿತ್ತು ಎಂದು ಡಾಕ್ಟರು ಹೇಳಿದ್ದನ್ನು ಅವರಿಗೆ ತಿಳಿಸುವ ಧೈರ್ಯ ನಮಗಿರಲಿಲ್ಲ. ರಸ ನನ್ನ ಹೊಟ್ಟೆ ಸೇರುತ್ತಿತ್ತು.

1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಈ ಮದ್ದಿನ ಪ್ರಯೋಗ ನಡೆಸಿದ್ದು ನಾಯಿಗಳ ಮೇಲೆ. ನಾಯಿಗಳ ಋಣದಲ್ಲಿ ಬದುಕಿದ್ದೇನೆಂದು ಗೊತ್ತಾದರೆ ಗುಂಡ ಪ್ರಾಣ ಬಿಟ್ಟಾನೆಂದು ನಾವು ಬಾಯಿ ಬಿಟ್ಟಿಲ್ಲ. ಇನ್ನೊಂದನ್ನು ಮಾತ್ರ ನಾನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ಬೆಕ್ಕಿನ ಇನ್ಸುಲಿನ್ನಿಗೂ ಹಸುವಿನದಕ್ಕೂ ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ, ಹಸುವಿಗೂ ಮನುಷ್ಯನಿಗೂ ಮೂರರದು. ನಂದಗೋಪಾಲಸ್ವಾಮಿಯ ತಂಬಿರಾನ್ ದನಗಳಿಗೆ, ಅಂದರೆ ದೇವರ ದನಗಳಿಗೆ, ಕೈಮುಗಿಯುವ ಇಲ್ಲಿನ ನಮ್ಮ ಕನ್ನಡದ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಆರ್. ಗುಂಡನಿಗೆ ಹಸು ನನಗಿಂತ ಹತ್ತಿರದ ನೆಂಟ. ದನಗಳನ್ನು ಪೂಜಿಸುವ ಮಾಟ್ಟುಪ್ಪೊಂಗಲ್ ದಿನ ಅವನ ಹಣೆಗೂ ಕುಂಕುಮ ಬಿತ್ತು.

ಸಕ್ಕರೆ ತೀರಾ ಇಳಿದು ಬೆಕ್ಕು ತೂರಾಡಿದರೆ ಒಸಡಿಗೆ ಜೇನುತುಪ್ಪ ಸವರಿ ಡಾಕ್ಟರಿಗೆ ಫೋನ್ ಮಾಡಬೇಕಂತೆ. ಅದಕ್ಕೆಂದೇ ಒಂದು ಬಾಟಲಿ ಮೀಸಲಾಗಿತ್ತು. ಗುಂಡ ಒಮ್ಮೆಯೂ ತೂರಾಡಲಿಲ್ಲ. ಬಾಟಲಿ ಮಾತ್ರ ಇಳಿಯುತ್ತಲೇ ಇತ್ತು. ಹೆಂಡತಿ ಏನೂ ಕೇಳಲಿಲ್ಲ, ಬಾಟಲಿಯ ಮೇಲೆ ಪೆನ್ನಿನಿಂದ ಗೆರೆ ಎಳೆದಿಟ್ಟಳು.

ಬೇಗ ಹಿಡಿದರೆ, ಪಥ್ಯ ಸರಿಯಿದ್ದರೆ, ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗುವುದುಂಟು. ಗುಂಡ ಆ ಭಾಗ್ಯವಂತರ ಸಾಲಿಗೆ ಸೇರಿದ. ಮತ್ತೆ ಬರಬಹುದು, ಕಣ್ಣಿಟ್ಟಿರಿ ಎಂದು ಹೇಳಿ ಡಾಕ್ಟರು ಸೂಜಿ ನಿಲ್ಲಿಸಿದರು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಹೆಂಡತಿ ಕೇಳಿದಳು:

"ಸಾರ್, ಇವನಿಗೆ ಕೊಟ್ಟ ಪಥ್ಯ ಮನುಷ್ಯರಿಗೆ ನಡೆಯತ್ತಾ?"

"ನೀವು ಮನುಷ್ಯರ ಡಾಕ್ಟರನ್ನು ಕೇಳಬೇಕಮ್ಮ."

"ಅವರ ಮಾತು ಇವರು ಕೇಳಲ್ಲ ಸಾರ್. ನೀವೇ ಒಂದು ಚೀಟಿ ಬರೆದುಕೊಡಿ."


ಬರೆಯಲಿಲ್ಲ, ದೊಡ್ಡ ಮನುಷ್ಯರು. ಆದರೂ ಗುಂಡನ ಸಕ್ಕರೆ ಬರೆಯುತ್ತಿದ್ದ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಈಗ ನನ್ನ ಹೆಸರಿದೆ. ಏಳು ಗಂಟೆಗೆ ನನಗೆ ಹಾಗಲಕಾಯಿ ರಸ, ಅವನಿಗೆ ಕೋಳಿ.