ದಾರಿ ಕೇಳದ ಭಾವ

ದಾರಿ ಕೇಳದ ಗಂಡಸು ಮನೆಗೊಬ್ಬ ಇದ್ದೇ ಇರುತ್ತಾನೆ. ನಮ್ಮ ಪಾಲಿಗೆ ಬಂದವರು ಭಾವ. ಜೀವಶಾಸ್ತ್ರದ ನಿವೃತ್ತ ಮೇಷ್ಟ್ರಾದ್ದರಿಂದ ಅವರ ಹಟಕ್ಕೆ ವಿಜ್ಞಾನದ ಬೆಂಬಲ ಬೇರೆ. ಆಟೋದವರನ್ನು ಕೇಳೋಣವೆಂದರೆ ಅವಮಾನ. ಮೊಬೈಲಿನಲ್ಲಿ ಮ್ಯಾಪ್ ತೆಗೆದರೆ ಮುಖ ಸಿಂಡರಿಸುತ್ತಾರೆ. ಹಿಂದೆ ಕೂತ ಅಕ್ಕ "ಎಡಕ್ಕೆ" ಎಂದರೆ ಸ್ಕೂಟರ್ ಬಲಕ್ಕೇ ವಾಲುತ್ತದೆ.

ಕಳೆದ ಮಾಘದಲ್ಲಿ ಮೈಸೂರಿನ ಸರಸ್ವತಿಪುರಂನಲ್ಲೊಂದು ಮದುವೆ. ಛತ್ರ ಸಿಗಲೊಲ್ಲದು. ಭಾವ ಒಂದಷ್ಟು ದೂರ ನೇರ ಹೋಗುವುದು, ಗಕ್ಕನೆ ನಿಲ್ಲುವುದು, ಗಿರಕಿ ಹೊಡೆದು ಕಂಡ ಕಡೆ ತಿರುಗುವುದು. ಅದೇ ಹಾಲಿನ ಬೂತನ್ನು ಮೂರನೇ ಸಲ ದಾಟಿದಾಗ "ಭಾವ, ಯಾರನ್ನಾದ್ರೂ ಕೇಳೋಣ" ಎಂದೆ.

"ಸುಮ್ನೆ ಕೂತ್ಕೊಳೋ. ನಿನ್ನ ಹೊಟ್ಟೇಲಿರೋ ಇ. ಕೊಲೈ ಯಾರನ್ನ ಕೇಳತ್ತೆ?"

ಸ್ಕೂಟರಿನ ಮೇಲೇ ಪಾಠ ಶುರುವಾಯಿತು. ಆ ಬ್ಯಾಕ್ಟೀರಿಯಾ ಸುಮಾರು 2 ಮೈಕ್ರೋಮೀಟರ್ ಉದ್ದ. ಅಷ್ಟು ಗಿಡ್ಡ ಮೈಯಲ್ಲಿ ತಲೆಗೂ ಬಾಲಕ್ಕೂ ರುಚಿಯ ವ್ಯತ್ಯಾಸ ಏನು ತಿಳಿದೀತು? ಅದಕ್ಕೇ ಈಗಿನ ರುಚಿಯನ್ನು ಮೂರ್ನಾಲ್ಕು ಸೆಕೆಂಡಿನ ಹಿಂದಿನ ರುಚಿಯ ಜೊತೆ ಹೋಲಿಸಿ ನೋಡುತ್ತದೆ. ಹಿಂದಿನಿಂದ ನೋಡಿದಾಗ ಈಜುವ ಎಳೆಗಳಾದ ಕಶಾಂಗಗಳು ಅಪ್ರದಕ್ಷಿಣವಾಗಿ ತಿರುಗುತ್ತಿದ್ದರೆ, ಎಲ್ಲ ಸೇರಿ ಜಡೆಯಾಗಿ ಸುಮಾರು ಒಂದು ಸೆಕೆಂಡ್ ನೇರ ಓಟ. ಪ್ರದಕ್ಷಿಣವಾಗಿ ತಿರುಗಿದರೆ ಜಡೆ ಬಿಚ್ಚಿ, ಸೆಕೆಂಡಿನ ಹತ್ತನೇ ಒಂದು ಪಾಲು ಲಾಗ. ಆಮೇಲೆ ಮುಖ ಬಂದತ್ತ ಮತ್ತೆ ಓಟ. ರುಚಿ ಏರುತ್ತಿದ್ದರೆ ಲಾಗವನ್ನು ಮುಂದಕ್ಕೆ ಹಾಕುತ್ತದೆ, ಅಷ್ಟೇ. 1972ರಲ್ಲಿ ಹೊವರ್ಡ್ ಬರ್ಗ್ ಮತ್ತು ಡಗ್ಲಸ್ ಬ್ರೌನ್, ಬ್ಯಾಕ್ಟೀರಿಯಾವನ್ನು ಬೆನ್ನಟ್ಟುವ ಸೂಕ್ಷ್ಮದರ್ಶಕದಲ್ಲಿ ಈ ಓಟ, ಲಾಗಗಳನ್ನು ಕಂಡರಂತೆ. ನಾನು ಮಾತ್ರ ಹಾಲಿನ ಬೂತನ್ನು ನಾಲ್ಕನೇ ಸಲ ಕಂಡೆ.

ಅಷ್ಟರಲ್ಲಿ ತುಪ್ಪದಲ್ಲಿ ಗೋಡಂಬಿ ಹುರಿಯುವ ವಾಸನೆ! ಭಾವನ ಮೂಗು ಅರಳಿತು. ವಾಸನೆ ಏರಿದಂತೆಲ್ಲ ಸ್ಕೂಟರ್ ನೆಟ್ಟಗೆ ಓಡಿ ಶಾಮಿಯಾನವೊಂದರ ಮುಂದೆ ನಿಂತಿತು. ಉಡುಗೊರೆ ಪೊಟ್ಟಣ ಹಿಡಿದು ನಗುನಗುತ್ತಾ ಒಳಹೊಕ್ಕೆವು. ಎದುರಿಗೆ ಹಾರ ಹಾಕಿದ ಅಜ್ಜನ ಫೋಟೊ. ವೈಕುಂಠ ಸಮಾರಾಧನೆ!

ನನಗೆ ಓಡಿಹೋಗುವಂತಾಯಿತು. ಮಗ ಕೈಮುಗಿದು "ಊಟ ಮಾಡ್ಕೊಂಡೇ ಹೋಗ್ಬೇಕು" ಎಂದ. ಭಾವ ಪೊಟ್ಟಣವನ್ನು ನನ್ನ ಕೈಗೆ ತುರುಕಿ, ಅವನ ಪಕ್ಕದಲ್ಲೇ ಕೂತರು. ಎರಡು ವಡೆ ಜಾಸ್ತಿಯೇ ತಿಂದರು. ತನ್ನಪ್ಪನ ಸೈಕಲ್ಲು, ಸಿಟ್ಟು, ಕೊನೆಯ ದಿನಗಳು ಅಂತ ಅವನು ಹೇಳಿಕೊಂಡದ್ದನ್ನೆಲ್ಲ ಅರ್ಧ ಗಂಟೆ ಕೇಳಿಸಿಕೊಂಡರು. ಮ್ಯಾಪ್ ಹಿಡಿದು ಸರಿಯಾದ ಹೊತ್ತಿಗೆ ಮುಟ್ಟಿದ ಯಾವ ಮನೆಯಲ್ಲೂ ನಾನು ಯಾರ ಮಾತನ್ನೂ ಅಷ್ಟು ಹೊತ್ತು ಕೇಳಿದವನಲ್ಲ.

ನಿಮ್ಮ ಮನೆ ಸಮಾರಂಭಕ್ಕೆ ನಮ್ಮ ಭಾವನನ್ನು ಕರೆಯುವುದಾದರೆ ವಿಳಾಸ ಕೊಡಲು ಹೋಗಬೇಡಿ. ಒಗ್ಗರಣೆ ಸ್ವಲ್ಪ ಜೋರಾಗಿ ಹಾಕಿಸಿ.