ಉಬ್ಬಿದ ಸೊನ್ನೆ

ನನ್ನ ಹಳೇ ಸ್ಕೂಟರಿನ ಪೆಟ್ರೋಲ್ ಕಾಕ್ ತೊಟ್ಟಿಕ್ಕತೊಡಗಿತು. ಬಿಚ್ಚಿ ನೋಡಿದರೆ ಓ-ರಿಂಗ್ ಬಿರುಕುಬಿಟ್ಟಿತ್ತು. ಭಾನುವಾರ, ಸ್ಪೇರ್ ಪಾರ್ಟ್ಸ್ ಅಂಗಡಿ ಮುಚ್ಚಿತ್ತು. ಎದುರಿನ ನಲ್ಲಿ ಸಾಮಾನಿನ ಅಂಗಡಿ ತೆರೆದಿತ್ತು. ಅಲ್ಲಿ 5 ರೂಪಾಯಿಗೆ ಅದೇ ಅಳತೆಯ, ಅಷ್ಟೇ ಕಪ್ಪಗಿನ ರಿಂಗ್ ಸಿಕ್ಕಿತು. ಮೆಕ್ಯಾನಿಕ್‌ಗೆ ಕೊಡಬೇಕಿದ್ದ 200 ಉಳಿಸಿದೆನೆಂದು ಮನೆಯಲ್ಲಿ ಡಂಗುರ ಸಾರಿಯೂ ಬಿಟ್ಟೆ.

ಮರುದಿನ ಕಾಕ್ ಜಪ್ಪಯ್ಯ ಅಂದರೂ ತಿರುಗಲಿಲ್ಲ. ಇಕ್ಕಳ ಹಾಕಿ ಬಿಚ್ಚಿದರೆ, ರಿಂಗು ನೆನೆಹಾಕಿದ ಕಡಲೆಯ ಹಾಗೆ ಊದಿಕೊಂಡು ಕಚ್ಚಿನಿಂದ ಆಚೆ ಬಂದು ನುಲಿದುಕೊಂಡಿತ್ತು. ಮತ್ತೆ ಒಳಗೆ ತುರುಕುವುದೆಂದರೆ ಕಾಲೇಜು ಹುಡುಗನಿಗೆ ಎರಡನೇ ಕ್ಲಾಸಿನ ಚಡ್ಡಿ ಹಾಕಿದಂತೆ.

ಮೆಕ್ಯಾನಿಕ್ ಅದನ್ನು ಹಿಸುಕಿ, ಮೂಸಿ ನೋಡಿದ. “ಇದು ನೀರಿನ ರಬ್ಬರ್ ಸಾರ್. ಪೆಟ್ರೋಲ್ ಕುಡಿದ್ಬಿಟ್ಟಿದೆ.”

ಕುಡಿದದ್ದು ನಿಜ. ನಲ್ಲಿಗೆ ಹಾಕುವ ಇಪಿಡಿಎಂ ರಬ್ಬರು ನೀರು, ಹಬೆ, ಬಿಸಿಲು ಯಾವುದಕ್ಕೂ ಜಗ್ಗದ ಗಟ್ಟಿಗ. ಆದರೆ ಅದರ ಮೈಯೂ ಪೆಟ್ರೋಲಿನಂತೆ ಇಂಗಾಲ, ಜಲಜನಕ. ನೆಂಟರೆಂದ ಮೇಲೆ ಬಾಗಿಲು ತಟ್ಟುತ್ತಾರೆಯೇ? ಸೀದಾ ಅಣುಸರಪಳಿಗಳ ನಡುವೆ ಬಂದು ಚಾಪೆ ಹಾಸುತ್ತಾರೆ. ಸರಪಳಿಗಳನ್ನು ಅಲ್ಲಲ್ಲಿ ಗಂಟು ಹಾಕಿರುವುದರಿಂದ ಮನೆ ಕರಗಿಹೋಗುವುದಿಲ್ಲ, ಉಬ್ಬುತ್ತದಷ್ಟೆ. ಪೆಟ್ರೋಲಿಗೆ ಬೇಕಾದ್ದು ನೈಟ್ರೈಲ್ ರಬ್ಬರು. ಅದರಲ್ಲಿ ಬೆರೆತ ಅಕ್ರಿಲೋನೈಟ್ರೈಲಿಗೆ ಧ್ರುವಗುಣದ ಬಿಗುಮಾನ. ಪೆಟ್ರೋಲನ್ನು ಹೊಸ್ತಿಲಲ್ಲೇ ಮಾತಾಡಿಸಿ ಕಳಿಸುತ್ತದೆ. ಹಾಗಂತ ನೈಟ್ರೈಲನ್ನು ಬ್ರೇಕ್ ಆಯಿಲಿನ ಸೀಲಿಗೆ ಹಾಕುವಂತಿಲ್ಲ, ಗ್ಲೈಕಾಲಿನ ಆ ದ್ರವಕ್ಕೆ ನಮ್ಮ ಇಪಿಡಿಎಮ್ಮೇ ಸರಿ. ದುಬಾರಿ ವೈಟಾನ್ ರಬ್ಬರು ಪೆಟ್ರೋಲಿಗೆ ಕ್ಯಾರೇ ಅನ್ನದು. ಉಗುರುಬಣ್ಣ ಅಳಿಸುವ ಅಸಿಟೋನಿನಲ್ಲಿ ಅದೂ ಊದಿಕೊಳ್ಳುತ್ತದೆ. ಮೂರಕ್ಕೂ ಸಾಮಾನ್ಯವಾಗಿ ಮಸಿ ಬೆರೆಸಿ ಕಪ್ಪು ಮಾಡಿರುತ್ತಾರೆ. ಮುಖ ನೋಡಿ ಕುಲ ಹೇಳುವ ವಿದ್ಯೆ ನನಗೆಲ್ಲಿಂದ ಬರಬೇಕು?

ಮೆಕ್ಯಾನಿಕ್‌ಗೆ 200 ಕೊಟ್ಟೆ. ಆ ಉಬ್ಬಿದ ರಿಂಗನ್ನು ಅಂಗಡಿಯವರ ಮುಖಕ್ಕೇ ಹಿಡಿಯಬೇಕೆಂದು ಕಿಟಕಿಯಲ್ಲಿ ಜೋಪಾನವಾಗಿಟ್ಟೆ. ಹೋಗಲು ಬಿಡುವಾದದ್ದು ಗುರುವಾರ. ಕಾಗದದ ಪೊಟ್ಟಣ ಬಿಚ್ಚಿದರೆ ಪೆಟ್ರೋಲೆಲ್ಲ ಆರಿ, ರಿಂಗು ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೇ ಬಂದು ಸಾಧುವಿನಂತೆ ಕೂತಿದೆ!

“ಚೆನ್ನಾಗೇ ಇದೆಯಲ್ಲ ಸ್ವಾಮಿ?” ಎಂದವರೇ ಅಂಗಡಿಯ ನಲ್ಲಿಯೊಂದನ್ನು ಬಿಚ್ಚಿ, ಅದೇ ರಿಂಗ್ ಕೂರಿಸಿ, ನೀರು ಬಿಟ್ಟು ತೋರಿಸಿದರು.

ಒಂದು ಹನಿ ಸೋರಬೇಕೇ!