ಪ್ಲಾನ್ ಮೂರು, ಮಹಡಿ ಐದು

(ಜಯನಗರ 4ನೇ ಬ್ಲಾಕ್. ನಿವೃತ್ತ ವಿಮಾನ ಎಂಜಿನಿಯರ್ ಮಾವ. ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವ ಅಳಿಯ.)

ಅಳಿಯ: ಮಾವ, ನಮ್ಮ ಕಂಪನಿ ಮಾಡೆಲ್ ಡ್ರಿವನ್ ಆಯ್ತು!

ಮಾವ: ಸಂತೋಷ. ಏನು ಬದಲಾಯ್ತು?

ಅಳಿಯ: ಟೂಲ್ ಕೊಂಡ್ವಿ, ಟ್ರೈನಿಂಗ್ ಮುಗಿಸಿದ್ವಿ, ಕೇಕ್ ಕತ್ತರಿಸಿದ್ವಿ.

ಮಾವ: ಕೆಲಸ?

ಅಳಿಯ: ಮೊದಲಿನ ಹಾಗೇ. ಕೋಡ್ ಬರೀತೀವಿ. ಆಡಿಟ್ ಬಂದಾಗ ಅದನ್ನ ನೋಡ್ಕೊಂಡು ಚಿತ್ರ ಬಿಡಿಸ್ತೀವಿ.

ಮಾವ: ಉಲ್ಟಾ ಅಲ್ವೇ? ಮಾಡೆಲ್ ಬರೆಯೋ ಭಾಷೆ ಯುಎಂಎಲ್ ಮಾನಕವಾಗಿದ್ದು 1997ರಲ್ಲಿ, ಸಿಸ್‌ಎಂಎಲ್ 2007ರಲ್ಲಿ. ಇಷ್ಟು ವರ್ಷ ಆದ್ರೂ ಉಲ್ಟಾನೇ? ಮಾಡೆಲ್ ಮೊದಲು, ಅದರಿಂದ ಕೋಡ್.

ಅಳಿಯ: ಒಂದಿಷ್ಟು ಕೋಡ್ ಮಾಡೆಲಿಂದಲೂ ಹುಟ್ಟುತ್ತೆ. ಆಮೇಲೆ ಕೈಯಲ್ಲಿ ತಿದ್ದುತೀವಿ.

ಮಾವ: ಮಾಡೆಲಲ್ಲೂ ತಿದ್ದುತೀರಾ?

ಅಳಿಯ: ಡೆಡ್‌ಲೈನ್ ಮುಗಿದ ಮೇಲೆ.

ಮಾವ: ಅದು ಮುಗಿಯೋದು?

ಅಳಿಯ: ಮುಂದಿನ ಡೆಡ್‌ಲೈನ್ ಶುರುವಾದಾಗ.

ಮಾವ: ನೋಡಿ, ನಮ್ಮ ಯುದ್ಧವಿಮಾನ ಎಲ್‌ಸಿಎ ಮೊದಲು ಹಾರಿದ್ದು 2001ರ ಜನವರಿ 4ಕ್ಕೆ. ಆಗಿನ್ನೂ ಅದಕ್ಕೆ ತೇಜಸ್ ಅನ್ನೋ ಹೆಸರೂ ಇರಲಿಲ್ಲ. ಹಾರೋಕೆ ಮುಂಚೆ ಹಾರಾಟ ನಿಯಂತ್ರಣವನ್ನ ಸಿಮ್ಯುಲೇಟರಲ್ಲಿ, ಐರನ್ ಬರ್ಡ್ ಅನ್ನೋ ಪರೀಕ್ಷಾ ರಿಗ್ಗಲ್ಲಿ ವರ್ಷಗಟ್ಟಲೆ ಜಾಲಾಡಿದ್ರು. ತಪ್ಪು ನೆಲದ ಮೇಲೇ ಸಿಗಲಿ ಅಂತ. ನಿಮ್ಮ ಮಾಡೆಲ್ ಓಡಿಸಿ ನೋಡಿದ್ರಾ?

ಅಳಿಯ: ಪಿಪಿಟಿಯಲ್ಲಿ ಓಡಿಸಿದ್ವಿ. ಬಾಣಗಳಿಗೆಲ್ಲ ಅನಿಮೇಷನ್ ಇದೆ.

ಮಾವ: ಹಾಗಾದ್ರೆ ನಿಮ್ಮದು ಬಿಟಿಎಂ ಲೇಔಟಿನ ಪಿಜಿ ಕಟ್ಟಡ. ಪ್ಲಾನಲ್ಲಿ ಮೂರು ಮಹಡಿ, ಕಣ್ಣೆದುರು ಐದು.

ಅಳಿಯ: ಅಕ್ರಮ-ಸಕ್ರಮ ನಮ್ಮಲ್ಲೂ ಇದೆ ಮಾವ. ರಿಲೀಸ್ ನೋಟ್ಸಲ್ಲಿ ಬರೆದ್ರೆ ಬಗ್ಗೂ ಫೀಚರ್.

ಮಾವ: ಬ್ರೇಕ್ ಹಿಡಿಯದಿದ್ರೂ?

ಅಳಿಯ: ಅದಕ್ಕೆ ಹೆಸರಿಟ್ಟಾಗಿದೆ: ತಡೆರಹಿತ ಪ್ರಯಾಣ!